ಅಂಗಳದಲ್ಲಿ ನಿಂತು ಕರೆದದ್ದು

ಖಾಸಬಾಗದಿಂದ ವಡಗಾವಿಗೆ ಬಂದು, ಅಲ್ಲಿನ ಇಕ್ಕಟ್ಟು ಓಣಿಗಳನ್ನು ದಾಟಿ ಯಳ್ಳೂರ ಗುಡ್ಡದ ಕಡೆಗೆ ಮುಖ ಮಾಡಿದರೆ, ಆ ಕಾಲದಲ್ಲಿ ಮನೆಗಳು ಒಮ್ಮೆಲೇ ಮುಗಿದು ಭತ್ತದ ಗದ್ದೆ ಶುರುವಾಗುತ್ತಿತ್ತು. ಗದ್ದೆಯೊಳಗೆ ಇನ್ನಷ್ಟು ದೂರ ನಡೆದರೆ ಮತ್ತೆ ಎರಡು ಸಾಲು ಮನೆಗಳು ಸಿಗುತ್ತಿದ್ದವು. ಅದೇ ನಮ್ಮ ಓಣಿ. ಒಂದು ಕಿವಿಗೆ ಮಗ್ಗದ ಸಪ್ಪಳ, ಇನ್ನೊಂದು ಕಿವಿಗೆ ಎತ್ತಿನ ಕೊರಳ ಗಂಟೆ. ಪೇಟೆಯವರು ನಮ್ಮನ್ನು ಹಳ್ಳಿಯವರು ಎನ್ನುತ್ತಿದ್ದರು, ಯಳ್ಳೂರಿನವರು ಪೇಟೆಯವರು ಎನ್ನುತ್ತಿದ್ದರು. ಇಬ್ಬರ ಮೇಲೂ ನಾವು ಸಿಟ್ಟಾಗುತ್ತಿರಲಿಲ್ಲ. ಪೇಟೆಯಲ್ಲಿ ಸೀರೆ ಮಾರಬೇಕಿತ್ತು, ಹಳ್ಳಿಯಿಂದ ಅಕ್ಕಿ ತರಬೇಕಿತ್ತು.

ಈ ಓಣಿಯನ್ನು ಯಾರೂ ಯೋಚನೆ ಮಾಡಿ ಕಟ್ಟಿದ್ದಲ್ಲ. ನಾನು ಅಲ್ಲಿಗೆ ಹೋಗುವುದಕ್ಕೆ ಇಪ್ಪತ್ತು ಇಪ್ಪತ್ತೈದು ವರ್ಷ ಮೊದಲು ಬೆಳಗಾವಿಗೆ ಪ್ಲೇಗು ಬಂದಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಊರ ಹೊರಗೆ ಹೋಗಬೇಕು. ವಡಗಾವಿಯ ಕೆಲವು ನೇಕಾರರು ಮಗ್ಗ ಬಿಚ್ಚಿ ಹೆಗಲ ಮೇಲೆ ಹೊತ್ತುಕೊಂಡು ಬಂದು ಒಬ್ಬ ರೈತರ ಹೊಲದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡರು. ಮಗ್ಗದ ಕಟ್ಟಿಗೆಯನ್ನು ಹೊತ್ತು ಒಯ್ಯಬಹುದು, ಮಗ್ಗದ ಕುಣಿಯನ್ನು ಹೊರಲು ಬರುವುದಿಲ್ಲ. ನಮ್ಮದು ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹೀಗಾಗಿ ಆ ಹೊಲದಲ್ಲಿ ಗುಡಿಸಲಿಗೆ ಒಂದರಂತೆ ಕುಣಿಗಳು ಬಿದ್ದವು. ಪ್ಲೇಗು ಇಳಿದ ಮೇಲೆ ಅರ್ಧ ಜನ ಹಳೆ ಮನೆಗೆ ಹೋದರು. ಅರ್ಧ ಜನ ಹೋಗಲಿಲ್ಲ. ಕುಣಿ ತೋಡಿದ್ದೂ ಒಂದು ಕಾರಣ, ಆದರೆ ದೊಡ್ಡ ಕಾರಣ ಜಾಗ. ನೂಲನ್ನು ಉದ್ದಕ್ಕೆ ಚಾಚಿ ಗಂಜಿ ಹಚ್ಚಲು ವಡಗಾವಿಯ ಓಣಿಗಳಲ್ಲಿ ಎಲ್ಲಿ ನೋಡಿದರೂ ತಿರುವು. ಇಲ್ಲಿ ಹೊಲದ ಗಾಡಿದಾರಿ ನೆಟ್ಟಗೆ ಇತ್ತು. ಆ ದಾರಿಯ ಎರಡೂ ಬದಿಗೆ ಗುಡಿಸಲು ಹೋಗಿ ಮಣ್ಣಿನ ಗೋಡೆ ಬಂತು, ಮಣ್ಣಿನ ಗೋಡೆಯ ಮೇಲೆ ಹೆಂಚು ಬಂತು.

ಹೊಲದ ಒಡೆಯರು ಏಳಿರಿ ಎನ್ನಲಿಲ್ಲ. ದೀಪಾವಳಿಗೆ ಓಣಿಯವರೆಲ್ಲ ಸೇರಿ ಆ ಮನೆಗೆ ಒಂದು ರುಮಾಲು ನೇಯ್ದು ಕೊಡುತ್ತಿದ್ದರು. ಅವರ ಕಡೆಯಿಂದ ಇದ್ದ ಮಾತು ಒಂದೇ: ದಾರಿ ನಮ್ಮ ಗಾಡಿಯದು, ಅದನ್ನು ಮರೆಯಬಾರದು. ಆದ್ದರಿಂದ ಯಾರ ಮನೆಯಲ್ಲಿ ಗಂಜಿಯ ಕೆಲಸ ಇದ್ದರೂ ಹಿಂದಿನ ದಿನವೇ ಅವರಿಗೆ ತಿಳಿಸಬೇಕಿತ್ತು. ಗಾಡಿಗಳು ನಸುಕಿನಲ್ಲೇ ಹೋಗಿಬಿಡುತ್ತಿದ್ದವು, ಇಲ್ಲವೆ ಬಿಸಿಲು ಏರುವ ತನಕ ಕಾಯುತ್ತಿದ್ದವು.

ನಾನು ಈ ಓಣಿಯಲ್ಲಿ ಹುಟ್ಟಿದವನಲ್ಲ. ಖಾನಾಪುರ ತಾಲೂಕಿನವನು, ಮಲಪ್ರಭೆಯ ಆಚೆ ದಂಡೆಯ ಒಂದು ಸಣ್ಣ ಹಳ್ಳಿಯವನು. ನಮ್ಮದೇ ಅನ್ನುವ ಗದ್ದೆ ಇರಲಿಲ್ಲ. ಅಪ್ಪ ಖಾನಾಪುರ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ಕಟ್ಟಿಗೆ ತುಂಬುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನೂ ಅದೇ ಕೆಲಸ ಮಾಡಿದೆ. ಒಮ್ಮೆ ದಿಮ್ಮಿ ಉರುಳಿ ಹೆಗಲು ಸರಿದು ಹೋಯಿತು. ಮತ್ತೆ ಕೂಡಿತು, ಆದರೆ ಭಾರ ಹೊರಲು ಬರಲಿಲ್ಲ. ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಬೆಳಗಾವಿಗೆ ಬಂದೆ. ಆ ಓಣಿಯ ಒಬ್ಬ ಮುದುಕ ನೇಕಾರ, ಎಲ್ಲರೂ ಅಜ್ಜ ಎನ್ನುತ್ತಿದ್ದರು, ನನ್ನನ್ನು ನೂಲು ಸುತ್ತುವ ಕೆಲಸಕ್ಕೆ ಇಟ್ಟುಕೊಂಡ. ಸುತ್ತುತ್ತ ಸುತ್ತುತ್ತ ನೇಯುವುದನ್ನೂ ಕಲಿಸಿದ. ಎರಡು ವರ್ಷ ಅವನ ಮಗ್ಗದಲ್ಲಿ ನೇಯ್ದೆ. ಓದು ಬರಹ ಕಲಿತದ್ದು ಅದಕ್ಕಿಂತ ತಡವಾಗಿ, ಖಾಸಬಾಗದ ಒಂದು ಗುಡಿಯ ಕಟ್ಟೆಯ ಮೇಲೆ, ನನಗಿಂತ ಚಿಕ್ಕವರ ಜೊತೆ ಕೂತು. ಆ ಮಾತು ಬೇರೆ.

ಬೆಳಗಾವಿಯಲ್ಲಿ ದೊಡ್ಡ ಅಧಿವೇಶನ ನಡೆದ ಮರುವರ್ಷ ಅಜ್ಜ ನನಗೆ ಒಂದು ಹಳೆಯ ಮಗ್ಗ ಕೊಡಿಸಿದ. ಹೊಲದ ಒಡೆಯರ ದನದ ಕೊಟ್ಟಿಗೆಯ ಬಾಜುವಿಗೆ ಒಂದು ಖೋಲಿ ಖಾಲಿ ಇತ್ತು. ಆ ಮನೆಯ ಯಜಮಾನನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವನೇ ಬಂದು ಗುದ್ದಲಿ ಹಿಡಿದು ಕುಣಿ ತೋಡಿಕೊಟ್ಟ. ದೀಪಾವಳಿ ಮುಗಿದ ಮೇಲೆ ಖಾನಾಪುರಕ್ಕೆ ಹೋಗಿ ಅವ್ವನನ್ನು ಕರೆದುಕೊಂಡು ಬಂದೆ. ಪೇಟೆಯ ಸಾವಕಾರ ಅಜ್ಜನ ಮುಖ ನೋಡಿ ನನಗೆ ಮೊದಲ ಸಲ ನೂಲು ಕೊಟ್ಟ. "ಈ ಒಂದು ಉಂಕಿ ನೋಡ್ತೀನಿ. ಚಲೋ ಬಂದ್ರ ಮುಂದಿನ್ದು ಕೊಡ್ತೀನಿ. ಇಲ್ಲಂದ್ರ ಬ್ಯಾಡಪಾ, ನೂಲು ಹಾಳ ಮಾಡೂದ ಬ್ಯಾಡ" ಎಂದ. ಹೇಳಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆ ಹೆಚ್ಚಾಯಿತು. ಈ ಉಂಕಿ ಕೆಟ್ಟರೆ ಮಗ್ಗ ಇದ್ದೂ ನೂಲಿಲ್ಲ. ನೂಲಿಲ್ಲದಿದ್ದರೆ ಅವ್ವನನ್ನು ಕರೆದುಕೊಂಡು ಮತ್ತೆ ಕಟ್ಟಿಗೆ ತುಂಬುವ ಸ್ಟೇಷನ್ನಿಗೆ ಹೋಗಬೇಕು, ಈ ಹೆಗಲು ಇಟ್ಟುಕೊಂಡು.

ಉಂಕಿ ಎಂದರೆ ಸೀರೆಯ ಉದ್ದಕ್ಕೆ ಹಾಸುವ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಕುಡಿಸಬೇಕು, ಇಲ್ಲದಿದ್ದರೆ ಮಗ್ಗದ ಹೊಡೆತಕ್ಕೆ ಎಳೆಗಳು ಹರಿಯುತ್ತವೆ. ದಾರಿಯ ಉದ್ದಕ್ಕೂ ಕತ್ತರಿಗಾಲಿನ ಕೋಲುಗಳನ್ನು ನಿಲ್ಲಿಸಿ, ಅವುಗಳ ಮೇಲೆ ನೂಲನ್ನು ಚಾಪೆಯ ಹಾಗೆ ಬಿಗಿಯಾಗಿ ಎಳೆದು ಕಟ್ಟುತ್ತಿದ್ದರು. ಹುಳಿ ಬಂದ ಜೋಳದ ಗಂಜಿಯನ್ನು ಕೈಯಿಂದ ಸವರುತ್ತಿದ್ದರು. ಆಮೇಲೆ ಇಬ್ಬರು ಎರಡು ಬದಿಗೆ ನಿಂತು ಉದ್ದನೆಯ ಕುಂಚವನ್ನು ನಡುವೆ ಹಿಡಿದು, ಒಂದೇ ಹೆಜ್ಜೆಯಲ್ಲಿ ಈ ತುದಿಯಿಂದ ಆ ತುದಿಗೆ ಎಳೆಯುತ್ತ ಹೋಗುವುದು, ಮತ್ತೆ ಬರುವುದು. ಉಳಿದವರು ನಡುವಿನ ಸೆಳೆಕಡ್ಡಿಗಳನ್ನು ಸರಿಸುತ್ತ ಎಳೆಗೆ ಎಳೆ ಅಂಟದಂತೆ ನೋಡಿಕೊಳ್ಳುವುದು, ಹರಿದ ಎಳೆ ಕಂಡರೆ ಉಗುರಿನಲ್ಲಿ ಹಿಡಿದು ಹೊಸೆಯುವುದು. ನೂಲು ಒಣಗುವ ತನಕ ಕುಂಚ ನಿಲ್ಲಬಾರದು. ಮೂಡಗಾಳಿ ಎದ್ದರಂತೂ ಗಂಜಿ ನೋಡನೋಡುತ್ತಿದ್ದಂತೆ ಒಣಗುತ್ತದೆ. ಕುಂಚ ಹಿಂದೆ ಬಿದ್ದರೆ ನೂಲು ಹಗ್ಗವಾಗುತ್ತದೆ, ಆ ಉಂಕಿ ದನ ಕಟ್ಟಲಿಕ್ಕಷ್ಟೇ.

ಇದು ಒಂದು ಮನೆಯವರಿಂದ ಆಗುವ ಕೆಲಸ ಅಲ್ಲ. ಅದಕ್ಕೆ ಓಣಿಯಲ್ಲಿ ಮುಯ್ಯಿ ಇತ್ತು. ಇವತ್ತು ನಿನ್ನ ಉಂಕಿಗೆ ನಾವು, ನಾಳೆ ನಮ್ಮದಕ್ಕೆ ನೀನು. ಯಾರೂ ಲೆಕ್ಕ ಇಡುತ್ತಿರಲಿಲ್ಲ. ಅಜ್ಜನ ಮನೆಯಿಂದ ನಾನು ಎಲ್ಲರ ಉಂಕಿಗೂ ಹೋಗಿ ಕಡ್ಡಿ ಸರಿಸಿದ್ದೆ. ಆದ್ದರಿಂದ ನನ್ನ ಉಂಕಿಗೆ ಜನ ಬರುತ್ತಾರೋ ಇಲ್ಲವೋ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅದೇ ವಾರ ಅಜ್ಜನ ಮಗಳಿಗೆ ಹೆರಿಗೆಯಾಯಿತೆಂದು ಸುದ್ದಿ ಬಂತು. ಅಜ್ಜ ಅಜ್ಜಿ ಇಬ್ಬರೂ ಮಗಳ ಊರಿಗೆ ಹೊರಟರು.

"ಅಜ್ಜಾ, ನನ್ನ ಉಂಕಿ?" ಎಂದೆ.

"ನಾ ಏನ್ ಗಂಜಿ ಕುಡಿತೀನೇನೋ? ಓಣಿಗೆ ಹೇಳು, ಬರ್ತಾರ" ಎಂದು ಬುತ್ತಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟ.

ಓಣಿಗೆ ಹೇಳುವುದು ಹೇಗೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಇಷ್ಟು ದಿನ ಅದನ್ನು ಅಜ್ಜಿ ಮಾಡುತ್ತಿದ್ದಳು, ಮಧ್ಯಾಹ್ನದ ಹೊತ್ತಿಗೆ, ನಾನು ಮಗ್ಗದ ಕುಣಿಯಲ್ಲಿದ್ದಾಗ. ನಮ್ಮನ್ನು ಕರೆಯಲು ಬಂದ ಹೆಂಗಸರೂ ಒಳಗೆ ಅಜ್ಜಿಯ ಹತ್ತಿರ ಕೂತು ಹೋಗುತ್ತಿದ್ದರು, ನಾನು ನೋಡಿರಲೇ ಇಲ್ಲ. ನನಗೆ ಗೊತ್ತಿದ್ದದ್ದು ನಮ್ಮ ಹಳ್ಳಿಯ ಕರೆ. ನಮ್ಮಲ್ಲಿ ಭತ್ತದ ನಾಟಿಗೂ ಹೀಗೇ ಮುಯ್ಯಿ ಇತ್ತು. ನಾಟಿ ಎಂದರೆ ಮಳೆಗಾಲ. ಕರೆಯಲು ಹೋದವನ ಕಾಲು ಮೊಣಕಾಲ ತನಕ ಕೆಸರು, ಮೈ ಮೇಲೆ ಸೋರುವ ಕಂಬಳಿ. ಅವನು ಯಾರ ಮನೆಯನ್ನೂ ಹೊಗುವುದಿಲ್ಲ. ಅಂಗಳದಲ್ಲಿ ನಿಂತು ನಾಳೆ ನಮ್ಮ ಗದ್ದೆ ಎಂದು ಕೂಗುತ್ತಾನೆ, ಒಳಗಿನವರು ಹೂಂ ಎನ್ನುತ್ತಾರೆ, ಅವನು ಮುಂದಿನ ಮನೆಗೆ ಹೋಗುತ್ತಾನೆ. ಮರ್ಯಾದೆಯ ಕರೆಯೇ ಅದು. ಸಾರಿಸಿದ ನೆಲ ಕೆಡಿಸಲಿಲ್ಲ ಎಂದು ಹೆಂಗಸರು ಹೊಗಳುತ್ತಿದ್ದರು.

ಅದರ ಮೇಲೆ ಅವ್ವ ಗಂಡನನ್ನು ಕಳೆದುಕೊಂಡವಳು, ಬಂದು ತಿಂಗಳೂ ಆಗಿರಲಿಲ್ಲ, ಬಾಯಿ ತೆರೆದರೆ ಅರ್ಧ ಮರಾಠಿ ಅರ್ಧ ಕನ್ನಡ. ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ. ಹೀಗಾಗಿ ಗಂಜಿ ಕುದಿಸಲು ಅವಳಿಗೆ ಹೇಳಿ, ದೀಪ ಹಚ್ಚುವ ಹೊತ್ತಿಗೆ ನಾನೇ ಹೊರಟೆ.

ಮೊದಲು ಮೂಲೆಮನೆ ಕಾಕೂ. ಓಣಿಯಲ್ಲಿ ಅವಳ ಮಾತಿಗೆ ತೂಕ ಇತ್ತು, ದನಿಗೆ ಅದಕ್ಕಿಂತ ಹೆಚ್ಚು. ನಾನು ಕಟ್ಟೆಯ ಕೆಳಗೆ ನಿಂತು, "ಕಾಕೂ, ನಾಳೆ ಮುಂಜಾನೆ ನಮ್ಮಲ್ಲಿ ಐತ್ರಿ, ಬರ್ರಿ" ಎಂದೆ.

ಅವಳು ದೀಪ ಹಿಡಿದು ಹೊಸ್ತಿಲಿಗೆ ಬಂದಳು. "ಯಾಕೋ, ಒಳಗ ಬರೂದಿಲ್ಲೇನು?"

"ಇಲ್ರಿ. ಇನ್ನೂ ಎಲ್ಲಾ ಮನಿ ಹೇಳೂದೈತಿ."

ದೀಪ ಹಿಡಿದವಳು ಹಾಗೇ ನಿಂತಳು. ನಾನು ಮುಂದಿನ ಮನೆಗೆ ಹೋದೆ. ಹಿಂದಿನಿಂದ ತಂಬಿಗೆಯ ನೀರು ಚೆಲ್ಲಿದ ಸಪ್ಪಳ ಬಂತು. ಹೊಸ್ತಿಲು ತೊಳೆಯುತ್ತಿರಬೇಕು ಅಂದುಕೊಂಡೆ. ಎರಡನೆಯ ಮನೆಯಲ್ಲಿ ಒಬ್ಬರು ನೀರು ಕುಡಿದು ಹೋಗು ಎಂದರು. ಬೇಡ, ಹೊತ್ತಾಯಿತು ಎಂದೆ. ಅಲ್ಲಿಯೂ ಹಿಂದೆ ನೀರು ಚೆಲ್ಲಿತು. ಈ ಓಣಿಯವರಿಗೆ ಎಷ್ಟು ಶುಚಿ ಎಂದು ಮೆಚ್ಚಿಕೊಂಡೇ ಓಣಿ ಮುಗಿಸಿದೆ. ಕೊನೆಗೆ ಮಾಮಾನ ಮನೆಗೆ ಹೋದೆ, ಅವನು ಗದ್ದೆಯಿಂದ ಬಂದಿರಲಿಲ್ಲ. ನಾಳೆ ದಾರಿ ಮೇಲೆ ಉಂಕಿ ಇರ್ತದ ಎಂದು ಅವನ ಆಳಿಗೆ ಹೇಳಿ ಬಂದೆ. ಆ ಆಳು ಮರೆತ.

ಬೆಳಿಗ್ಗೆ ಮಂಜು ಇತ್ತು. ಅವ್ವ ನಾನು ಇಬ್ಬರೇ ಕೋಲು ನಿಲ್ಲಿಸಿದೆವು. ಇಬ್ಬರೇ ನೂಲು ಎಳೆದು ಕಟ್ಟಿದೆವು. ಅದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು. ಬೇರೆಯವರ ಉಂಕಿ ಇದ್ದರೆ ಇಷ್ಟರಲ್ಲಿ ಜನ ಎಲೆ ಅಡಿಕೆ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವತ್ತು ಯಾರೂ ಇಲ್ಲ. ಬಾಗಿಲುಗಳು ತೆರೆದಿದ್ದವು, ಒಲೆಯ ಹೊಗೆ ಬರುತ್ತಿತ್ತು, ಒಳಗೆ ಪಾತ್ರೆಯ ಸದ್ದು ಇತ್ತು. ಮಂಜಿಗೆ ತಡವಾಗಿರಬೇಕು ಎಂದು ನಾನು ಗಂಜಿ ಸವರಲು ಶುರು ಮಾಡಿದೆ. ಅದು ತಪ್ಪಾಯಿತು. ನೂಲು ಒಮ್ಮೆ ಗಂಜಿ ಕುಡಿದರೆ ಮುಂದಿನ ಕೆಲಸ ನಿಲ್ಲಿಸಲು ಬರುವುದಿಲ್ಲ.

ಒಂದು ಬದಿ ಸವರಿ ತಲೆ ಎತ್ತಿದೆ. ಇನ್ನೂ ಯಾರೂ ಇಲ್ಲ. ಕಾಕೂನ ಗಂಡ ಕಾಕಾ ತನ್ನ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ನನ್ನ ಕಡೆ ನೋಡಿ ಬೇರೆ ಕಡೆ ನೋಡಿದ.

"ಬಾಳಾ, ಕೋಣಿ ಯೇತ ನಾಹಿ" ಎಂದಳು ಅವ್ವ. ಯಾರೂ ಬರುತ್ತಿಲ್ಲ ಅಂತ. ಹೆದರಿದಾಗ ಅವಳ ಬಾಯಲ್ಲಿ ಬರೀ ಮರಾಠಿ ಬರುತ್ತಿತ್ತು.

ಮಂಜು ಹರಿಯಿತು. ಗುಡ್ಡದ ಕಡೆಯಿಂದ ಸಣ್ಣಗೆ ಗಾಳಿ ಎದ್ದಿತು. ಕುಂಚದ ಒಂದು ತುದಿ ನಾನು, ಇನ್ನೊಂದು ತುದಿ ಅವ್ವ ಹಿಡಿದೆವು. ಅವಳಿಗೆ ಅಭ್ಯಾಸ ಇಲ್ಲ, ಕುಂಚ ಸೊಟ್ಟಗೆ ಹೋಯಿತು. ಕಡ್ಡಿ ಸರಿಸುವವರು ಯಾರೂ ಇಲ್ಲದ್ದರಿಂದ ಎರಡು ಕಡೆ ನೂಲು ಗುಂಪಾಗಿ ಅಂಟಿತು. ಕುಂಚ ಬಿಟ್ಟು ಎಳೆ ಬಿಡಿಸಲು ಓಡಿದೆ. ಅಷ್ಟರಲ್ಲಿ ಇನ್ನೊಂದು ಕಡೆ ಅಂಟಿತು.

ಆಗ ಮಾಮಾನ ಗಾಡಿ ಬಂತು. ಗದ್ದೆಯಿಂದ ಭತ್ತದ ಸಿವುಡು ತರಲು ಹೊರಟವನು, ಹಿಂದೆ ಇಬ್ಬರು ಆಳುಗಳು ಕೂತಿದ್ದರು. ದಾರಿ ತುಂಬ ಚಾಚಿದ ಉಂಕಿ ನೋಡಿ ಎತ್ತು ನಿಲ್ಲಿಸಿದ.

"ಯಾಕೋ ತಮ್ಮಾ, ಒಬ್ಬನ ಕುಣ್ಯಾಕತ್ತಿ? ಮಂದಿ ಎಲ್ಲಿ?"

"ಗೊತ್ತಿಲ್ರಿ ಮಾಮಾ. ನಿನ್ನೆ ಎಲ್ಲಾರಿಗೂ ಹೇಳೇನಿ. ಯಾರೂ ಬರವಲ್ರು."

"ಜಗಳ ಗಿಗಳ ಏನರ ಮಾಡೀಯೇನು?"

"ಇಲ್ರಿ. ಮನಿ ಮನಿ ಮುಂದ ನಿಂತು ಚಂದಂಗ ಕರದ ಬಂದೇನಿ."

ಅವನು ಓಣಿಯ ಈ ತುದಿಯಿಂದ ಆ ತುದಿಯ ತನಕ ನೋಡಿದ. ನಾನು ಹೇಳಿದ್ದರಲ್ಲಿ ಅವನಿಗೂ ತಪ್ಪು ಕಾಣಲಿಲ್ಲ. ಒಕ್ಕಲುತನದವರ ಕರೆ ಎಲ್ಲ ಕಡೆ ಹಾಗೇ. ಗಾಡಿಯಿಂದ ಇಳಿದು ಎತ್ತಿನ ಕೊರಳ ಹಗ್ಗ ಬಿಚ್ಚಿದ.

"ಇಳೀರ್ಲೇ" ಎಂದ ಆಳುಗಳಿಗೆ. "ಭತ್ತ ಎಲ್ಲಿ ಓಡಿ ಹೋಗೂದಿಲ್ಲ. ಏನ ಹಿಡೀಬೇಕು ಹೇಳೋ ತಮ್ಮಾ."

ಅವ್ವನ ಕೈಯಿಂದ ಕುಂಚದ ತುದಿ ತೆಗೆದುಕೊಂಡ. ನನಗೆ ಬೇಡ ಎನ್ನುವ ಧೈರ್ಯ ಇರಲಿಲ್ಲ. ಅವನು ಹೊಲದಲ್ಲಿ ಕುಂಟಿ ಒತ್ತುವ ಮನುಷ್ಯ. ಕುಂಚವನ್ನೂ ಹಾಗೇ ಒತ್ತಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಪಟಪಟ ಎಂದು ಎಳೆ ಹರಿದವು. ಆಳುಗಳಲ್ಲಿ ಒಬ್ಬ ಕಡ್ಡಿ ಸರಿಸುವುದನ್ನು ಬಿಟ್ಟು ಕಡ್ಡಿಯನ್ನೇ ಹೊರಗೆ ಎಳೆದುಬಿಟ್ಟ. ಇನ್ನೊಬ್ಬ ಹರಿದ ಎಳೆಗೆ ಹಗ್ಗಕ್ಕೆ ಹಾಕುವಂಥ ಗಂಟು ಹಾಕಿದ.

"ಅಯ್ಯ ನನ ಶಿವನ!" ಎಂದು ಮೂಲೆಮನೆಯಿಂದ ದನಿ ಬಂತು. ಕಾಕೂ ಹೊಸ್ತಿಲಿಗೆ ಬಂದಿದ್ದಳು. "ಏ ಅಣ್ಣಾ, ಅದು ಎತ್ತಿನ ಬೆನ್ನಲ್ಲೋ, ನೂಲು! ಮೆಲ್ಲಗ!"

"ಮೆಲ್ಲಗ ಅಂದ್ರ ಎಷ್ಟ ಮೆಲ್ಲಗವಾ ತಂಗಿ?" ಎಂದ ಮಾಮಾ, ನಿಲ್ಲದೆ.

"ಕೂಸಿನ ತಲಿ ಬಾಚಿದಂಗ!"

"ನಮ್ಮ ಮನ್ಯಾಗ ಕೂಸಿನ ತಲಿ ನಾ ಬಾಚೂದಿಲ್ಲ. ನೀ ಬಂದು ತೋರ್ಸು."

"ನಾ ಬರಾಂಗಿಲ್ಲ" ಎಂದಳು. ಅಂದವಳು ಕಟ್ಟೆಗೆ ಇಳಿದಳು. "ಆ ಕಡ್ಡಿ ಹಾಕ್ರೋ ತಿರುಗಿ! ಅಲ್ಲಲ್ಲ, ಅದರ ಹಿಂದ! ಅಯ್ಯ, ಇವರಿಗೇನ ಕಣ್ಣ ಅದಾವೋ ಹುಣಸಿ ಬೀಜಾನೋ!" ಕಾಕಾ ತಂಬಾಕು ಬಾಯಿಗೆ ಹಾಕಿಕೊಳ್ಳುವುದನ್ನು ಮರೆತು ಅಂಗೈಯಲ್ಲೇ ಹಿಡಿದಿದ್ದ. ಬೇರೆ ಬಾಗಿಲುಗಳಲ್ಲೂ ತಲೆಗಳು ಕಂಡವು. ನೂಲು ಕೆಡುವುದನ್ನು ನೋಡುತ್ತ ಕೂರುವುದು ನೇಕಾರನಿಂದ ಆಗದ ಕೆಲಸ. ಒಬ್ಬರು ಹಲ್ಲು ಕಡಿದರು, ಒಬ್ಬರು ಮುಖ ತಿರುಗಿಸಿ ನಿಂತರು.

ಮಾಮಾ ಕುಂಚ ಹಿಡಿದೇ ಕೂಗಿದ, "ಇಷ್ಟ ಒದರೂದಕಿಂತ ಬಂದು ಕೈ ಹಚ್ಚಬಾರ್ದೇನು? ಪಾಪ, ಹುಡುಗ ಮನಿ ಮನಿ ತಿರಗ್ಯಾಡಿ ಕರದಾನಂತ."

"ಕರದಾನ!" ಎಂದಳು ಕಾಕೂ. ಅವಳ ದನಿ ಒಮ್ಮೆಲೇ ತಗ್ಗಿತು. "ಹೆಂಗ ಕರದಾನ ಕೇಳು. ಬಾಗಲ ಹೊರಗ ನಿಂತಾನ. ಒಳಗ ಬಾ ಅಂದ್ರ ಬರಾಂಗಿಲ್ಲ, ನೀರ ಕುಡಿ ಅಂದ್ರ ಕುಡ್ಯಾಂಗಿಲ್ಲ. ಇನ್ನೂ ಎಲ್ಲಾ ಮನಿ ಹೇಳೂದೈತಿ ಅಂತಾನ. ದೀಪ ಹಚ್ಚೂ ಹೊತ್ತಿಗೆ ಬಾಗಲ ಹೊರಗ ನಿಂತು ಹಂಗ ಯಾರ ಹೇಳ್ತಾರ, ಯಾವಾಗ ಹೇಳ್ತಾರ, ನಿನಗ ಗೊತ್ತಿಲ್ಲೇನು?"

ಮಾಮಾನ ಕೈಯಲ್ಲಿ ಕುಂಚ ನಿಂತಿತು.

ಆಗ ನನಗೆ ತಿಳಿಯಿತು. ಸಾವಿನ ಸುದ್ದಿ ತಂದವನು ಮನೆ ಹೊಗುವುದಿಲ್ಲ, ಕೂರುವುದಿಲ್ಲ, ನೀರು ಮುಟ್ಟುವುದಿಲ್ಲ. ಅವನು ಹೋದ ಮೇಲೆ ಹೊಸ್ತಿಲಿಗೆ ನೀರು ಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ, ನಮ್ಮ ಹಳ್ಳಿಯಲ್ಲೂ ಸಾವಿಗೆ ಹಾಗೇ ಮಾಡುತ್ತಾರೆ. ಆದರೆ ನಮ್ಮಲ್ಲಿ ನಾಟಿಗೂ ಹಾಗೇ ಕರೆಯುವುದರಿಂದ ಅಂಗಳದಲ್ಲಿ ನಿಂತವನನ್ನು ನೋಡಿ ಯಾರೂ ಬೆಚ್ಚುವುದಿಲ್ಲ. ಈ ಓಣಿಯ ಮಾತು ಬೇರೆ. ಪ್ಲೇಗಿನ ವರ್ಷ ಇಲ್ಲಿ ಗುಡಿಸಲಿನ ಮುಂದೆ ಬಂದು ನಿಂತವರೆಲ್ಲ ಅದೇ ಸುದ್ದಿ ತಂದವರು.

"ಆ ವರ್ಸ ನಾ ಮದಿವ್ಯಾಗಿ ಹೊಸದಾಗಿ ಬಂದಿದ್ನಿ" ಎಂದಳು ಕಾಕೂ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ. "ದಿನಾ ಸಂಜಿಗೆ ಯಾರರ ಬಂದು ಹಿಂಗ ನಿಂದರ್ತಿದ್ರು. ನಾಳೆ ಮುಂಜಾನೆ ಬರ್ರಿ ಅನ್ನವ್ರು. ಒಂದಿನ ನಮ್ಮಪ್ಪಂದ ಹೇಳಾಕ ಬಂದ್ರು. ಅಂಥಾ ಕರೀ ಕರದ ಉಂಕಿ ಹೆಂಗ ಮುಟ್ಟೂದು? ಅದನ್ನ ಉಟ್ಟಾಕಿ ಮದುಮಗಳಿದ್ರ?"

ಗಾಳಿಗೆ ಉಂಕಿ ಸಣ್ಣಗೆ ತೂಗಿತು.

ಅವ್ವ ಗಂಜಿಯ ಪಾತ್ರೆಯ ಹತ್ತಿರದಿಂದ ಎದ್ದು ಕಾಕೂನ ಕಟ್ಟೆಯ ತನಕ ಹೋದಳು. ಸೆರಗಿನಿಂದ ಕೈ ಒರಸಿಕೊಂಡಳು. "ನಮ್ಮ ಕಡಿ ಪಾವುಸಾದಾಗ, ಮಳ್ಯಾಗ, ಕರೀತಾರವ್ವಾ. ಕಾಲ ತುಂಬ ಚಿಖಲ್ ಇರ್ತದ. ನಿಮ್ಮಂಥಾವ್ರು ಸಾರಿಸಿದ ನೆಲ ಕೆಡತದಂತ ಒಳಗ ಬರೂದಿಲ್ಲ. ಅಷ್ಟ. ಬ್ಯಾರೆ ಖರೇನ ಏನೂ ಇಲ್ಲ ಅದರಾಗ."

ಕಾಕೂ ಅವ್ವನ ಕಾಲು ನೋಡಿದಳು. ಆ ಕಾಲಿಗೆ ಅವತ್ತು ಕೆಸರು ಇರಲಿಲ್ಲ, ಗಂಜಿ ಇತ್ತು.

"ಮತ್ತ ಈ ನಿನ್ನ ಮಗ ನಿನ್ನೆ ಹೇಳಬಾರದಾಗಿತ್ತ?"

"ಅವನಿಗೂ ಗೊತ್ತಿಲ್ಲವ್ವಾ, ನಿಮ್ಮಲ್ಲಿ ಹಿಂಗಂತ."

ಕಾಕೂ ನನ್ನ ಕಡೆ ತಿರುಗಿ ಮೊದಲಿನ ದನಿಯಲ್ಲಿ ಕೂಗಿದಳು. "ಏ ಖಾನಾಪುರ! ಏನ್ ಕಂಬ ನಿಂತಂಗ ನಿಂತೀ? ಬಾ ಒಳಗ. ಬಂದು ಕುಂದರು. ನೀರ ಕುಡದು, ಆಮ್ಯಾಲೆ ಕರಿ. ಬ್ಯಾಗ ಬಾ, ಒಣಗಾಕತ್ತೈತಿ!"

ಗಂಜಿ ಹತ್ತಿದ ಕೈಯಲ್ಲೇ ಓಡಿದೆ. ಹೊಸ್ತಿಲು ದಾಟಿ ಒಳಗೆ ಹೋಗಿ ಕೂತೆ. ಅವಳು ಬೆಲ್ಲದ ಚೂರು ನನ್ನ ಬಾಯಿಗೇ ಹಾಕಿ ತಂಬಿಗೆ ಕೊಟ್ಟಳು. ನೀರು ಕುಡಿದೆ.

"ಈಗ ಅನ್ನು."

"ಕಾಕೂ, ಇವತ್ತು ನಮ್ಮ ಉಂಕಿ ಐತ್ರಿ. ಬರ್ರಿ."

"ಬರ್ತೀವಪಾ" ಎಂದಳು, ಈಗಷ್ಟೇ ಸುದ್ದಿ ಕೇಳಿದವಳ ಹಾಗೆ. ಅವಳು ಅಷ್ಟು ಹೇಳುವ ತನಕ ಹೊರಗೆ ಕಾಕಾ ಕಾದಿದ್ದ. ಹೇಳಿದ್ದೇ ತಡ, ಮಾಮಾನ ಕೈಯಿಂದ ಕುಂಚ ಕಸಿದುಕೊಂಡ. "ಸರೀ ಬಾಜೂಕ. ಜೀವಾ ಹೋಗಿತ್ತ ನೋಡಿ ನೋಡಿ" ಎಂದ.

ಆದರೆ ಉಳಿದ ಮನೆಗಳು ಹಾಗೇ ಬರುವಂತಿರಲಿಲ್ಲ. ಒಬ್ಬೊಬ್ಬರ ಕರೆ ಅವರವರಿಗೆ ಆಗಬೇಕು. ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದರು. "ಇಲ್ಲಿ ಬಾ, ಇಲ್ಲಿ ಬಾ, ಮೊದಲ ನಮ್ಮನಿ" ಎಂದು ಒದರುತ್ತಿದ್ದರು. ನಾನು ಈ ಬದಿಯ ಮನೆಯಿಂದ ಆ ಬದಿಯ ಮನೆಗೆ ಉಂಕಿಯ ಕೆಳಗೆ ನುಸುಳಿ ಓಡಿದೆ. ಒಳಗೆ ಹೋಗುವುದು, ಕೂರುವುದು, ಬೆಲ್ಲ, ನೀರು, ಬರ್ರಿ ಎನ್ನುವುದು. ಒಬ್ಬರ ಮನೆಯಲ್ಲಿ ಅರ್ಧ ಕುಡಿದು ತಂಬಿಗೆ ಇಟ್ಟರೆ, "ಪೂರ್ತಿ ಕುಡಿ, ಅರ್ಧ ಉಂಕಿಗೆ ಕರೀತೀಯೇನು?" ಎಂದರು. ಕುಡಿದೆ. ಒಂದೊಂದು ಮನೆ ಮುಗಿದ ಹಾಗೆ ಹೊರಗೆ ಇಬ್ಬಿಬ್ಬರ ಕೈಗಳು ಹೆಚ್ಚಾಗುತ್ತಿದ್ದವು. ಕಡೆಯ ಮನೆಯಿಂದ ಬಂದಾಗ ನನ್ನ ಹೊಟ್ಟೆ ತುಂಬಿದ ಕೊಡದ ಹಾಗೆ ಸದ್ದು ಮಾಡುತ್ತಿತ್ತು, ಓಣಿಯೆಲ್ಲ ನಗುತ್ತಿತ್ತು. ನನ್ನ ಉಂಕಿಯ ಮುಂದೆ ನನಗೇ ನಿಲ್ಲಲು ಜಾಗ ಇರಲಿಲ್ಲ.

ಅವ್ವ ಒಂದು ಬದಿಗೆ ನಿಂತಿದ್ದಳು. ಶುಭದ ಕೆಲಸ, ತಾನು ಮುಟ್ಟಬಾರದು ಎಂದುಕೊಂಡಿರಬೇಕು. ಕಾಕೂ ಅವಳ ಮುಂದೆ ಹರಿದ ಎಳೆ ಹಿಡಿದಳು. "ಹೊಸ್ಯಾಕ ಬರ್ತದೇನು?"

"ಹಗ್ಗ ಹೊಸದೇನಿ. ನೂಲ ಹೊಸದಿಲ್ಲ."

"ಹಗ್ಗ ಹೊಸದಾಕಿಗೆ ನೂಲೇನ ಭಾರಾ? ಹಿಡಿ ಇಲ್ಲಿ. ಬೆರಳ ಒದ್ದಿ ಮಾಡ್ಕೋ" ಎಂದು ತನ್ನ ಬಾಜುವಿಗೆ ನಿಲ್ಲಿಸಿಕೊಂಡಳು.

ಮಾಮಾ ಹೋಗಲಿಲ್ಲ. ದಾರಿ ಬಿಡುವ ತನಕ ಗಾಡಿಯ ನೊಗದ ಮೇಲೆ ಕೂತು ಎಲ್ಲರನ್ನೂ ಚುಡಾಯಿಸುತ್ತಿದ್ದ. "ನಾ ಹಿಡದಾಗ ಎತ್ತಿನ ಬೆನ್ನಾಗಿತ್ತು, ಈಗೇನ್ ಕುದರೀದ ಆತೇನು?" ಕಾಕೂ ಎಳೆಯಿಂದ ಕಣ್ಣು ತೆಗೆಯದೆ, "ಸುಮ್ನ ಕುಂದರೋ ಅಣ್ಣಾ, ನೀ ಹರದಿದ್ದ ಹೊಸ್ಯಾಕ ಇವತ್ತಿಡೀ ಸಾಲೂದಿಲ್ಲ" ಎನ್ನುತ್ತಿದ್ದಳು.

ಬಿಸಿಲು ಪೂರ್ತಿ ಬರುವ ಹೊತ್ತಿಗೆ ಉಂಕಿ ಒಣಗಿತ್ತು. ಮಾಮಾ ಕುಂಚ ಒತ್ತಿದ ಜಾಗದಲ್ಲಿ ಒಂದು ಮೊಳದಷ್ಟು ಎಳೆಗಳು ರೋಮ ಎದ್ದು ನಿಂತಿದ್ದವು. ಉಳಿದದ್ದು ಕಾಕಾ ಕೈಯಾಡಿಸಿ ನೋಡಿ, "ಇರ್ಲಿ, ಸಾಕು" ಎಂದ. ಅವನು ಅಷ್ಟು ಅಂದರೆ ಚಲೋ ಬಂತು ಎಂದೇ ಅರ್ಥ. ನೂಲನ್ನು ಸುತ್ತಿ ಮಗ್ಗಕ್ಕೆ ಏರಿಸಲು ಮೂರು ಜನ ನನ್ನ ಖೋಲಿಗೆ ಬಂದರು. ಬಂದವರಿಗೆ ಅವ್ವ ಬೆಲ್ಲ ನೀರು ಕೊಟ್ಟಳು. ನನಗೂ ಕೊಡಲು ಬಂದಾಗ ಎಲ್ಲರೂ ಮತ್ತೆ ನಕ್ಕರು.

ಆ ಉಂಕಿಯಲ್ಲಿ ಸೀರೆಗಳನ್ನು ನೇಯ್ದೆ. ರೋಮ ಎದ್ದ ಆ ಮೊಳ ಬಂದಾಗ ಮೆಲ್ಲಗೆ ನೇಯ್ದೆ, ಆದರೂ ಎಳೆ ಹರಿಯುತ್ತಿತ್ತು. ಆ ಭಾಗವನ್ನು ಅರಿವೆಯ ಕಡೆಯ ತುಂಡಾಗಿ ಕತ್ತರಿಸಿದೆ. ಅಜ್ಜ ಊರಿಂದ ಬಂದು ಎಲ್ಲ ಕೇಳಿ ನಗಲಿಲ್ಲ. "ನಾ ಹೇಳಿ ಹೋಗಬೇಕಾಗಿತ್ತು" ಎಂದ. ಆಮೇಲೆ ಅಜ್ಜಿ ಅವ್ವನನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಮನೆ ಮನೆಗೆ ಹೋಗಿ, ಒಳಗೆ ಕೂರಿಸಿ, ಇವಳು ಇಂಥವನ ತಾಯಿ ಎಂದು ಗುರುತು ಮಾಡಿಸಿದಳು. ಕುಂಕುಮ ಹಚ್ಚುವ ಮಾತು ಬಂದಲ್ಲಿ ಅಜ್ಜಿಯೇ ಮುಂದಾದಳು, ಉಳಿದ ಮಾತು ಅವ್ವ ಆಡಿದಳು.

ಸೀರೆಗಳನ್ನು ಹೊತ್ತು ಸಾವಕಾರನ ಅಂಗಡಿಗೆ ಹೋದ ದಿನ ನನ್ನ ಜೊತೆ ಕಾಕಾ ಬಂದ. ಕರೆದಿರಲಿಲ್ಲ, ಅವನಾಗಿ ಬಂದ. ಸಾವಕಾರ ಒಂದು ಸೀರೆ ಬಿಚ್ಚಿ ಬೆಳಕಿಗೆ ಹಿಡಿದ. ಅಂಚು ನೋಡಿದ, ಮಡಚಿ ನೋಡಿದ. ಇನ್ನೊಂದು ಬಿಚ್ಚಿದ. ನಾನು ಕಾಕಾನ ಮುಖ ನೋಡಿದೆ, ಕಾಕಾ ಬೀದಿ ನೋಡುತ್ತಿದ್ದ.

"ಉಂಕಿ ಯಾರ ಹಚ್ಚಿದ್ರು?" ಎಂದು ಕೇಳಿದ ಸಾವಕಾರ.

"ಓಣ್ಯಾಗಿನವ್ರು" ಎಂದ ಕಾಕಾ.

ಸಾವಕಾರ ಒಳಗಿನಿಂದ ನೂಲಿನ ಹೊಸ ಕಟ್ಟು ತರಿಸಿ ನನ್ನ ಮುಂದೆ ಇಟ್ಟ.

ಕಟ್ಟನ್ನು ಸರಿಯಿದ್ದ ಹೆಗಲಿಗೆ ಹಾಕಿಕೊಂಡು ಖಾಸಬಾಗ ದಾಟಿ ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ಕಟ್ಟು ನೋಡಿದಳು. ಬಂದ ದಿನದಿಂದ ಅವಳು ಖೋಲಿಯ ಮೂಲೆಯಲ್ಲಿ ಮೂರು ಕಲ್ಲು ಇಟ್ಟು ಅಡಿಗೆ ಮಾಡುತ್ತಿದ್ದಳು. ಒಲೆ ಹಾಕವ್ವಾ ಎಂದು ಎಷ್ಟು ಸಲ ಹೇಳಿದರೂ, ಇರಲಿ, ಇಲ್ಲಿ ನಿಲ್ತೀವೋ ಇಲ್ಲೋ ನೋಡೂಣು ಎನ್ನುತ್ತಿದ್ದಳು. ಅವತ್ತು ಊಟ ಆದ ಮೇಲೆ ಕಲ್ಲುಗಳನ್ನು ಹೊರಗೆ ಹಾಕಿ, ಮಾಮಾನ ಗದ್ದೆಯ ಬದುವಿನಿಂದ ಒಂದು ಬುಟ್ಟಿ ಮಣ್ಣು ತಂದಳು. ಕೊಟ್ಟಿಗೆಯಿಂದ ಹೊಟ್ಟು ತಂದು ಕಲಸಿದಳು. ನಾನು ಮಗ್ಗದ ಕುಣಿಗೆ ಇಳಿದು ಕೂತಿದ್ದೆ. ಹಿಂದೆ ಅವಳು ಹಸಿ ಮಣ್ಣನ್ನು ತಟ್ಟುವ ಸದ್ದು ಕೇಳುತ್ತಿತ್ತು.